ಆಗುಂಬೆಯಲ್ಲಿ ಸುರಿದ ಗಾಳಿ ಚಳ್ಳಕೆರೆಗೆ ಬಂದಾಗ

(ಪ್ರೌಢಶಾಲೆಯ ಸಮಾಜ ವಿಜ್ಞಾನ ಶಿಕ್ಷಕರ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಮಯ ಸಾಲದೆ ಅಲ್ಲಿ ಬಿಟ್ಟಿದ್ದ ಒಂದೆರಡು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಉತ್ತರಪತ್ರಿಕೆಯಿಂದ ಶುರುಮಾಡುತ್ತೇನೆ. ಒಂಬತ್ತನೇ ತರಗತಿಯ ಕಿರುಪರೀಕ್ಷೆ. ಪ್ರಶ್ನೆ: ಆಗುಂಬೆಯಲ್ಲಿ ಹೆಚ್ಚು ಮಳೆ ಬೀಳಲು ಕಾರಣವೇನು? ಒಬ್ಬ ಹುಡುಗಿ ಹೀಗೆ ಬರೆದಿದ್ದಳು: 'ಆಗುಂಬೆ ಎತ್ತರದಲ್ಲಿದೆ. ಎತ್ತರದ ಜಾಗದಲ್ಲಿ ಮಳೆ ಜಾಸ್ತಿ.' ಎರಡಕ್ಕೆ ಎರಡು ಅಂಕ ಕೊಟ್ಟೆ. ಮರುದಿನ ಪತ್ರಿಕೆ ಹಂಚುವಾಗ ಅವಳೇ ಎದ್ದು ನಿಂತಳು.

'ಮೇಡಂ, ಬೆಂಗಳೂರು ಎಷ್ಟು ಎತ್ತರದಲ್ಲಿದೆ?'

'ಸುಮಾರು 900 ಮೀಟರ್.'

'ಆಗುಂಬೆ?'

'ಸುಮಾರು 650.'

'ಮತ್ತೆ ಬೆಂಗಳೂರಲ್ಲಿ ಯಾಕೆ ಅಷ್ಟು ಮಳೆ ಬರಲ್ಲ?'

ಇಡೀ ತರಗತಿ ನನ್ನ ಮುಖ ನೋಡಿತು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಮಳೆ. ಬೆಂಗಳೂರಲ್ಲಿ ಸಾವಿರದ ಹತ್ತಿರ. ಎತ್ತರ ಒಂದೇ ಕಾರಣವಾಗಿದ್ದರೆ ಲೆಕ್ಕ ತಿರುಗುಮುರುಗು ಆಗಬೇಕಿತ್ತು. ಆ ಹುಡುಗಿ ಬರೆದದ್ದು ನಾನು ಪಾಠ ಮಾಡಿದ್ದನ್ನೇ. ಎತ್ತರ ಅಂತ ಹೇಳಿದ್ದೆ. ಗಾಳಿ ಯಾವ ಕಡೆಯಿಂದ ಬರುತ್ತದೆ, ಗುಡ್ಡ ಯಾವ ಕಡೆಗೆ ಮುಖ ಮಾಡಿದೆ ಅನ್ನುವುದನ್ನು ಹೇಳಿರಲಿಲ್ಲ.

ನಮ್ಮ ಪುಸ್ತಕದಲ್ಲಿ ಭೂಸ್ವರೂಪ ಒಂದು ಪಾಠ, ವಾಯುಗುಣ ಇನ್ನೊಂದು ಪಾಠ. ಮೊದಲನೆಯದನ್ನು ಜುಲೈನಲ್ಲಿ ಮುಗಿಸುತ್ತೇವೆ, ಎರಡನೆಯದು ಬರುವಷ್ಟರಲ್ಲಿ ಡಿಸೆಂಬರ್. ನಡುವೆ ದಸರಾ ರಜೆ. ಮಗುವಿನ ತಲೆಯಲ್ಲಿ ಬೆಟ್ಟ ಒಂದು ಕಡೆ, ಮಳೆ ಇನ್ನೊಂದು ಕಡೆ ಉಳಿದುಬಿಡುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ನೆಲ ಮತ್ತು ಮಳೆ ಒಂದೇ ಪಾಠ. ಎರಡನ್ನೂ ಕೂಡಿಸಿ ಕಲಿಸೋಣ. ಅದನ್ನು ಮಕ್ಕಳು ಓಡಾಡುವ ನೆಲದ ಮೇಲೇ ಕಲಿಸೋಣ.

ನಾನು ಪಾಠ ಮಾಡುವುದು ಚಳ್ಳಕೆರೆ ಸೀಮೆಯಲ್ಲಿ. ಶೇಂಗಾ ಬೆಳೆಯುವ, ಕುರಿ ಮೇಯಿಸುವ ನಾಡು. ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ. ನಕ್ಷೆಯಲ್ಲಿ ಸ್ಕೇಲ್ ಇಟ್ಟು ನೋಡಿ, ಮಲ್ಪೆಯ ಸಮುದ್ರದಿಂದ ನಮ್ಮೂರಿಗೆ ನೇರ ದೂರ 250 ಕಿಲೋಮೀಟರ್ ಕೂಡ ಇಲ್ಲ. ಈ ಒಂದು ಗೆರೆಯ ಮೇಲೆ ಕರಾವಳಿಯ 4,000 ಮಿ.ಮೀ., ಆಗುಂಬೆಯ 7,000, ಶಿವಮೊಗ್ಗ ಪೇಟೆಯಲ್ಲಿ ಸಾವಿರದ ಆಸುಪಾಸು, ನಮ್ಮಲ್ಲಿ 500. ಕೆಲವು ದೇಶಗಳಲ್ಲಿ ಇಂಥ ವ್ಯತ್ಯಾಸ ನೋಡಬೇಕಾದರೆ ದಿನಗಟ್ಟಲೆ ಓಡಾಡಬೇಕು. ನಮಗೆ ಒಂದು ಹಗಲು ಸಾಕು. ಹಾಗಾಗಿ ಹೊರಟೆವು.

ಶಾಲಾ ಪ್ರವಾಸ ಅಂದರೆ ಸಾಮಾನ್ಯವಾಗಿ ಡಿಸೆಂಬರ್. ಆಗ ಆಗುಂಬೆಗೆ ಹೋದರೆ ಸೂರ್ಯಾಸ್ತ ಚೆನ್ನಾಗಿ ಕಾಣುತ್ತದೆ, ಮಳೆ ಕಾಣುವುದಿಲ್ಲ. ಜುಲೈನಲ್ಲಿ ಮಕ್ಕಳನ್ನು ಘಟ್ಟದ ದಾರಿಯಲ್ಲಿ ಕರೆದೊಯ್ಯುವುದು ಅಪಾಯ. ಅದಕ್ಕೇ ಸೆಪ್ಟೆಂಬರ್ ಕೊನೆಯ ವಾರ ಆರಿಸಿಕೊಂಡೆವು. ಮಳೆ ಇನ್ನೂ ಪೂರ್ತಿ ಹೋಗಿರುವುದಿಲ್ಲ, ಅಬ್ಬರ ಇಳಿದಿರುತ್ತದೆ.

ಮಲ್ಪೆಯಲ್ಲಿ ಬೆಳಗಿನ ಆರೂವರೆ. ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಸಮುದ್ರ ನೋಡಿದ್ದು ಅವತ್ತೇ. ನೀರಿಗಿಳಿಯುವ ಮುಂಚೆ ಒಂದು ಕೆಲಸ ಹೇಳಿದೆ. ಕಣ್ಣು ಮುಚ್ಚಿಕೊಂಡು ನಿಂತು ಗಾಳಿ ಯಾವ ಕೆನ್ನೆಗೆ ಬಡಿಯುತ್ತದೆ ನೋಡಿ, ದಿಕ್ಕು ಬರೆದುಕೊಳ್ಳಿ. ತುಟಿ ಸವರಿಕೊಳ್ಳಿ. 'ಉಪ್ಪು' ಅಂತ ಕೂಗಿದರು. ಈ ಗಾಳಿಯ ಜೊತೆಗೇ ಇವತ್ತು ನಾವು ಊರಿಗೆ ಹೋಗೋಣ ಅಂದೆ.

ಹೆಬ್ರಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಮಕ್ಕಳು ಚಿಪ್ಸ್ ತೆಗೆದುಕೊಂಡರು. ಒಂದು ಪ್ಯಾಕೆಟ್ ಮಾತ್ರ ಒಡೆಯಬೇಡಿ, ಮೇಲೆ ಹೋದ ಮೇಲೆ ತಿನ್ನಿ ಅಂತ ಒಪ್ಪಿಸಲು ಸ್ವಲ್ಪ ಕಷ್ಟವೇ ಆಯಿತು. ಪ್ಯಾಕೆಟ್ ಇಟ್ಟುಕೊಂಡ ಹುಡುಗ ಅದನ್ನು ಬೆರಳಿಂದ ಒತ್ತಿ ನೋಡಿದ. ಮೆತ್ತಗಿತ್ತು. ಸೋಮೇಶ್ವರ ದಾಟಿದ ಮೇಲೆ ಘಟ್ಟ. 14 ತಿರುವುಗಳು. ಮಕ್ಕಳು ಗಟ್ಟಿಯಾಗಿ ಎಣಿಸುತ್ತಿದ್ದರು. ಏಳೆಂಟನೆಯ ತಿರುವಿನಲ್ಲಿ ಕಿವಿ ಗವ್ ಅಂದಿತು. ಮೇಲೆ ಹೋದಂತೆ ಮಂಜು ಬಸ್ಸಿನ ಗಾಜಿಗೆ ಬಂದು ಕೂತಿತು. ಹದಿನಾಲ್ಕನೆಯದು ಮುಗಿಯುವಾಗ ಹಿಂದಿನ ಸೀಟಿನಿಂದ ಕೂಗು. 'ಮೇಡಂ, ಪ್ಯಾಕೆಟ್ ಊದಿಕೊಂಡಿದೆ! ನಾನು ಏನೂ ಮಾಡಿಲ್ಲ!' ಕೈಯಿಂದ ಕೈಗೆ ಪ್ಯಾಕೆಟ್ ಓಡಾಡಿತು. ಡ್ರೈವರ್ ಅಣ್ಣ ಕೂಡ ಗಾಡಿ ನಿಲ್ಲಿಸಿದ ಮೇಲೆ ಒತ್ತಿ ನೋಡಿದರು. ಮೊದಲಿಗಿಂತ ಬಿಗಿಯಾಗಿತ್ತು.

ಭೂಗೋಳದ ಅತಿ ಕಷ್ಟದ ಒಂದು ಪುಟ ಆ ಪ್ಯಾಕೆಟ್ಟಿನೊಳಗಿತ್ತು. ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆ. ಒಳಗಿನ ಗಾಳಿಗೆ ಹಿಗ್ಗಲು ಜಾಗ ಸಿಗುತ್ತದೆ. ಸಮುದ್ರದ ಗಾಳಿಯೂ ಹೀಗೇ. ಘಟ್ಟದ ಗೋಡೆ ಅದನ್ನು ಮೇಲಕ್ಕೆ ತಳ್ಳುತ್ತದೆ, ಮೇಲೆ ಹೋಗಿ ಹಿಗ್ಗುತ್ತದೆ, ಹಿಗ್ಗಿದಾಗ ತಣ್ಣಗಾಗುತ್ತದೆ. ತಣ್ಣಗಾಗುವುದು ಯಾಕೆ ಅಂತ ಮಕ್ಕಳಿಗೆ ಮಾತಲ್ಲಿ ಹೇಳಿದರೆ ಹತ್ತುವುದಿಲ್ಲ. ಊರಿಗೆ ಬಂದ ಮೇಲೆ ಒಂದು ಸೈಕಲ್ ತರಿಸಿದೆ. ಗಾಳಿ ಹೊಡೆಯುವಾಗ ಪಂಪಿನ ಬುಡ ಮುಟ್ಟಿ ಅಂದೆ. ಬಿಸಿ. ಈಗ ವಾಲ್ವ್ ಒತ್ತಿ, ಬರುವ ಗಾಳಿಗೆ ಬೆರಳು ಹಿಡಿಯಿರಿ. ತಣ್ಣಗೆ. ಒತ್ತಿದರೆ ಬಿಸಿ, ಬಿಟ್ಟರೆ ತಂಪು. ಒಣಗಾಳಿ ಸಾವಿರ ಮೀಟರ್ ಮೇಲೇರಿದರೆ ಸುಮಾರು 10 ಡಿಗ್ರಿ ತಣ್ಣಗಾಗುತ್ತದೆ ಅನ್ನುವ ಸಂಖ್ಯೆಯನ್ನು ಇಷ್ಟೆಲ್ಲಾ ಆದ ಮೇಲೆ ಬೋರ್ಡಿನ ಮೇಲೆ ಬರೆಯಬೇಕು. ಮೊದಲೇ ಬರೆದರೆ ಅದು ಬಾಯಿಪಾಠದ ಇನ್ನೊಂದು ಸಾಲು, ಅಷ್ಟೇ.

ತಣ್ಣಗಾದ ಗಾಳಿಗೆ ಮೊದಲಿನಷ್ಟು ನೀರಿನ ಆವಿ ಹಿಡಿದುಕೊಳ್ಳಲು ಆಗುವುದಿಲ್ಲ. ಮೋಡ ಕಟ್ಟುತ್ತದೆ, ಸುರಿಯುತ್ತದೆ. ಪಶ್ಚಿಮ ಘಟ್ಟ ಕಡಲಿಗೆ ಮುಖ ಮಾಡಿ ನಿಂತಿದೆ. ಆ ಕಡೆ ಕಡಿದಾದ ಗೋಡೆ, ಈ ಕಡೆ ಪೂರ್ವಕ್ಕೆ ಮೆಲ್ಲಗೆ ಇಳಿಯುವ ಪ್ರಸ್ಥಭೂಮಿ. ಗೋಡೆಯ ನೆತ್ತಿಯ ಮೇಲೇ ಆಗುಂಬೆ ಇದೆ. ಬೆಂಗಳೂರು ಅದಕ್ಕಿಂತ ಎತ್ತರದಲ್ಲಿದ್ದರೂ ಗೋಡೆಯಿಂದ ಬಹಳ ಒಳಗೆ, ಹರಡಿದ ಮಟ್ಟಸ ನೆಲದ ಮೇಲೆ ಕೂತಿದೆ. ಅಲ್ಲಿಗೆ ಬರುವ ಗಾಳಿ ದಾರಿಯಲ್ಲೇ ಹೊರೆ ಇಳಿಸಿ ಬಂದಿರುತ್ತದೆ. ಆ ಹುಡುಗಿಯ ಪ್ರಶ್ನೆಗೆ ಉತ್ತರ ಆಗುಂಬೆಯ ಮಂಜಿನಲ್ಲಿ ನಿಂತು ಕೊಟ್ಟೆ. ಅವಳು ನಡುಗುತ್ತಾ ಬರೆದುಕೊಂಡಳು. ಸ್ವೆಟರ್ ತರಲು ಹೇಳಿದ್ದರೂ ಯಾರೂ ತಂದಿರಲಿಲ್ಲ. ಸೆಪ್ಟೆಂಬರಲ್ಲಿ ಸ್ವೆಟರ್ ಯಾಕೆ ಅಂತ ನಮ್ಮ ಕಡೆಯ ಮಕ್ಕಳಿಗೆ ಅನಿಸುವುದು ಸಹಜ, ಅಲ್ವಾ?

ಆಗುಂಬೆಯಲ್ಲೇ ಇನ್ನೊಂದು ಪಾಠ ಸಿಗುತ್ತದೆ. ಈ ಸೀಮೆಯಲ್ಲಿ ಹುಟ್ಟುವ ಸೀತಾ ನದಿ ಪಶ್ಚಿಮಕ್ಕೆ ಇಳಿದು ಅರಬ್ಬಿ ಸಮುದ್ರ ಸೇರುತ್ತದೆ. ಸ್ವಲ್ಪವೇ ಆಚೆ ಶೃಂಗೇರಿಯಲ್ಲಿ ಬಿದ್ದ ಮಳೆ ತುಂಗೆಗೆ ಸೇರಿ, ಕೂಡಲಿಯಲ್ಲಿ ಭದ್ರೆಯನ್ನು ಕೂಡಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಸಕಲೇಶಪುರದ ಕಡೆಯ ಬಿಸ್ಲೆ ಹತ್ತಿರ ಈ ನೀರು ಇಬ್ಭಾಗವಾಗುವ ಏಣಿನ ಮೇಲೆ ಗುರುತಿನ ಕಲ್ಲೇ ನೆಟ್ಟಿದ್ದಾರೆ. ಒಂದು ಕಡೆಗೆ ಅರಬ್ಬಿ ಸಮುದ್ರ, ಇನ್ನೊಂದು ಕಡೆಗೆ ಬಂಗಾಳ ಕೊಲ್ಲಿ. 'ಜಲವಿಭಾಜಕ' ಅನ್ನುವ ಪದವನ್ನು ಹೇಳಿಕೊಡಲು ನಾವು ಒದ್ದಾಡುತ್ತೇವೆ. ನಿಮ್ಮ ಶಾಲೆಯ ಹೆಂಚಿನ ಮಾಡು ತೋರಿಸಿ, ಸಾಕು. ಮಾಡಿನ ನೆತ್ತಿಯಿಂದ ಈ ಕಡೆ ಬಿದ್ದ ಹನಿ ಅಂಗಳಕ್ಕೆ, ಆ ಕಡೆ ಬಿದ್ದದ್ದು ಹಿತ್ತಲಿಗೆ. ಪಶ್ಚಿಮ ಘಟ್ಟ ಅಂದರೆ ಒಂದು ಕಡೆ ಇಳಿಜಾರು ಕಡಿದಾದ, ಇನ್ನೊಂದು ಕಡೆ ಬಹಳ ಉದ್ದಕ್ಕೆ ಚಾಚಿದ ಮಾಡು. ಕಡಿದಾದ ಕಡೆಯ ಹೊಳೆಗಳು ಗಿಡ್ಡ, ರಭಸ ಜಾಸ್ತಿ. ಶರಾವತಿಯ ಉದ್ದ ಸುಮಾರು 128 ಕಿ.ಮೀ. ಮಾತ್ರ, ಆದರೆ ಜೋಗದಲ್ಲಿ ಒಂದೇ ಸಲಕ್ಕೆ 253 ಮೀಟರ್ ಧುಮುಕುತ್ತದೆ.

ಇಲ್ಲಿ ನಮ್ಮ ಭಾಷೆಯ ಬಗ್ಗೆ ಒಂದು ಮಾತು. ದಾರಿಯಲ್ಲಿ ಕೆಂಪು ತೂತುತೂತು ಕಲ್ಲಿನ ಕಾಂಪೌಂಡುಗಳನ್ನು ಮಕ್ಕಳು ನೋಡಿದರು. ಪುಸ್ತಕದಲ್ಲಿ ಅದು ಲ್ಯಾಟರೈಟ್. ದಕ್ಷಿಣ ಕನ್ನಡದಲ್ಲಿ ಮುರಕಲ್ಲು, ಮಲೆನಾಡಿನಲ್ಲಿ ಜಂಬಿಟ್ಟಿಗೆ. 1800ರ ಸುಮಾರಿಗೆ ಈ ಕಡೆಯೆಲ್ಲಾ ಓಡಾಡಿದ ಫ್ರಾನ್ಸಿಸ್ ಬುಕಾನನ್ ಕೇರಳದ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡು, ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆ ಅನ್ನುವ ಅರ್ಥದ ಪದದಿಂದ ಆ ಹೆಸರಿಟ್ಟ. ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಇದೆ! ಕಡಿಯುವಾಗ ಮೆತ್ತಗೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. ಅದು ಹುಟ್ಟಿದ್ದು ಕೂಡ ವಾಯುಗುಣದಿಂದಲೇ. ಜೋರು ಮಳೆ, ಆಮೇಲೆ ಸುಡುಬಿಸಿಲು, ಹೀಗೆ ಲಕ್ಷಾಂತರ ವರ್ಷ. ಕರಗುವುದೆಲ್ಲಾ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಅಂಶ ಉಳಿಯಿತು. ಕಬ್ಬಿಣ ಇರುವುದರಿಂದ ಕೆಂಪು. ಮಳೆ ಕಲ್ಲನ್ನು ಮಾಡಿದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ?

ಮಳೆ ಕಲ್ಲನ್ನು ಕೆತ್ತುವುದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ. ಚಿತ್ರದುರ್ಗದ ಕೋಟೆಯ ಗುಂಡುಕಲ್ಲುಗಳನ್ನು ಎಲ್ಲರೂ ನೋಡಿದ್ದೀರಿ. ಹಂಪಿಯಲ್ಲೂ ಅವೇ. 'ಯಾರು ಎತ್ತಿ ಇಟ್ಟರು?' ಅಂತ ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ. ಇದಕ್ಕೆ ನಾನು ಮಾಡುವುದು ಒಂದು ಸಣ್ಣ ಪ್ರಯೋಗ. ಒಂದು ಅಚ್ಚು ಬೆಲ್ಲ, ಒಂದು ತಟ್ಟೆ ನೀರು. ಬೆಲ್ಲ ಮುಳುಗುವಷ್ಟು ನೀರು ಹಾಕಿ ಹಾಗೇ ಬಿಡಿ, ಕಲಕಬೇಡಿ. ಹತ್ತು ನಿಮಿಷಕ್ಕೊಮ್ಮೆ ಚಿತ್ರ ಬರೆಯಲು ಹೇಳಿ. ಮೊದಲು ಮೂಲೆಗಳು ಕರಗುತ್ತವೆ, ಆಮೇಲೆ ಅಂಚುಗಳು. ಮೂಲೆಗೆ ಮೂರು ಕಡೆಯಿಂದ ನೀರು ತಾಗುತ್ತದೆ, ಅಂಚಿಗೆ ಎರಡು ಕಡೆಯಿಂದ, ಮುಖಕ್ಕೆ ಒಂದೇ ಕಡೆಯಿಂದ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಚೌಕದ ಬೆಲ್ಲ ಉಂಡೆಯಾಗುವ ದಾರಿಯಲ್ಲಿರುತ್ತದೆ. ಗ್ರಾನೈಟ್ ನೆಲದೊಳಗೆ ಚೌಕಚೌಕವಾಗಿ ಬಿರುಕು ಬಿಟ್ಟಿತ್ತು, ನೀರು ಬಿರುಕಿನೊಳಗೆ ಇಳಿದು ಮೂಲೆಗಳನ್ನು ತಿಂದಿತು, ಸುತ್ತಲ ಮಣ್ಣು ಕೊಚ್ಚಿಹೋದ ಮೇಲೆ ಒಳಗಿನ ಗುಂಡು ಹೊರಗೆ ಕಂಡಿತು. ಕಲ್ಲು ಬೆಲ್ಲದ ಹಾಗೆ ಕರಗುವುದಿಲ್ಲ, ಪುಡಿಯಾಗಿ ಮಣ್ಣಾಗುತ್ತದೆ ಅನ್ನುವುದನ್ನು ಮರೆಯದೆ ಹೇಳಬೇಕು. ಶಿಥಿಲೀಕರಣ ಅನ್ನುವ ಪದ ಆಮೇಲೆ ತಾನಾಗಿ ಬಾಯಿಗೆ ಬರುತ್ತದೆ. ಉಳಿದ ಬೆಲ್ಲದ ನೀರಿಗೆ ನಿಂಬೆಹಣ್ಣು ಹಿಂಡಿದರೆ ಪಾನಕ.

ಬೆಂಗಳೂರಿನ ಶಿಕ್ಷಕರೂ ಇಲ್ಲಿದ್ದೀರಿ. ನಿಮಗೆ ಲಾಲ್‌ಬಾಗಿನ ಬಂಡೆ ಇದೆ. ಸುಮಾರು 300 ಕೋಟಿ ವರ್ಷ ಹಳೆಯದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿ ಫಲಕ ಹಾಕಿದೆ. ಮಕ್ಕಳನ್ನು ಅದರ ಮೇಲೆ ಕೂರಿಸಿ ಪಾಠ ಮಾಡಿ. ವಿಜಯಪುರ, ಕಲಬುರಗಿ ಕಡೆಯವರಿಗೆ ಎರೆ ಭೂಮಿ ಇದೆ. ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಹರಿದ ಲಾವಾ ಕಲ್ಲಾಗಿ, ಕಲ್ಲು ಕಪ್ಪು ಮಣ್ಣಾದದ್ದು. ಬೇಸಿಗೆಯಲ್ಲಿ ಬಿಟ್ಟ ಬಿರುಕಿನೊಳಗೆ ಒಂದು ಕೋಲು ಇಳಿಸಿ ಆಳ ಅಳೆಯಲು ಮಕ್ಕಳಿಗೆ ಹೇಳಿ. ಅದೇ ಮಣ್ಣು ನೀರು ಹಿಡಿದಿಟ್ಟುಕೊಂಡು ಹಿಂಗಾರಿನ ಬಿಳಿಜೋಳ ಬೆಳೆಸುತ್ತದೆ.

ಇನ್ನು ಅಳತೆಯ ವಿಷಯ. ಮಳೆಮಾಪಕ ಇಲ್ಲದ ಶಾಲೆ ಇರಬಾರದು ಅಂತ ನನ್ನ ಬಲವಾದ ನಂಬಿಕೆ. ದುಡ್ಡು ಬೇಡ. ಎರಡು ಲೀಟರಿನ ಕೂಲ್‌ಡ್ರಿಂಕ್ಸ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಆ ತುಂಡನ್ನೇ ಬೋರಲು ಹಾಕಿ ಲಾಳಿಕೆ ಮಾಡಿ. ತಳ ಉಬ್ಬುತಗ್ಗಾಗಿರುತ್ತದೆ. ಅದಕ್ಕೆ ಸಣ್ಣ ಬೆಣಚುಕಲ್ಲು ಹಾಕಿ, ಗೋಡೆ ನೆಟ್ಟಗಾಗುವ ತನಕ ನೀರು ತುಂಬಿ, ಅಲ್ಲಿ ಸೊನ್ನೆಯ ಗುರುತು ಹಾಕಿ. ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸಿ. ಮರದ ಕೆಳಗೆ ಬೇಡ, ಗೋಡೆಯ ಪಕ್ಕ ಬೇಡ. ಹವಾಮಾನ ಇಲಾಖೆ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆಯುತ್ತದೆ, ನೀವೂ ಆಗಲೇ ಅಳೆಯಿರಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್ ನೀರು. ಈ ಒಂದು ಲೆಕ್ಕ ಗೊತ್ತಾದ ದಿನ ನಮ್ಮ ಮಕ್ಕಳು ಶಾಲೆಯ ಚಾವಣಿ ಅಳೆದು, ಎಷ್ಟು ನೀರು ಸುಮ್ನೆ ಹರಿದುಹೋಯಿತು ಅಂತ ಲೆಕ್ಕ ಹಾಕಿದರು. ಯಾರೂ ಹೇಳಿರಲಿಲ್ಲ.

ತೀರ್ಥಹಳ್ಳಿ ಕಡೆ ನನ್ನ ಸ್ನೇಹಿತೆಯೊಬ್ಬರು ಪಾಠ ಮಾಡುತ್ತಾರೆ. ದಿನಾ ಬೆಳಿಗ್ಗೆ ಎರಡೂ ಶಾಲೆಯವರು ವಾಟ್ಸಾಪಿನಲ್ಲಿ ಅಳತೆ ಕಳಿಸಿಕೊಳ್ಳುತ್ತೇವೆ. ಜುಲೈ ತಿಂಗಳಲ್ಲಿ ಅವರದು ಮೂರಂಕಿ ದಾಟಿದ ದಿನ ನಮ್ಮದು ಸೊನ್ನೆ. ನಮ್ಮ ಮಕ್ಕಳಿಗೆ ಮೊದಮೊದಲು ಬೇಜಾರು. ಬಾಟಲಿ ತೂತಾಗಿದೆಯಾ ಅಂತ ನೋಡುತ್ತಿದ್ದರು. ವರ್ಷದ ಕೊನೆಗೆ ಎರಡು ಕಂಬನಕ್ಷೆ ಪಕ್ಕಪಕ್ಕ ಅಂಟಿಸಿದೆವು. ಅವರದರಲ್ಲಿ ಜುಲೈ ಗೋಪುರದ ಹಾಗೆ ನಿಂತಿತ್ತು. ನಮ್ಮದರಲ್ಲಿ ಎತ್ತರದ ಕಂಬ ಸೆಪ್ಟೆಂಬರ್, ಅಕ್ಟೋಬರ್. ಮಳೆ ಕಡಿಮೆ ಅನ್ನುವುದು ಒಂದು ಮಾತು, ಬರುವ ಕಾಲವೇ ಬೇರೆ ಅನ್ನುವುದು ಇನ್ನೊಂದು ಮಾತು. ಎರಡನೆಯದನ್ನು ಮಕ್ಕಳೇ ಕಂಡುಕೊಂಡರು. ಮನೆಗೆ ಹೋಗಿ ಅಜ್ಜಿಗೆ ಹೇಳಿದ ಹುಡುಗನಿಗೆ ಅಜ್ಜಿ ನಕ್ಕು ಮಳೆ ನಕ್ಷತ್ರಗಳನ್ನು ಹೇಳಿ ಕಳಿಸಿದ್ದರು. ರೋಹಿಣಿ, ಮೃಗಶಿರ, ಆರಿದ್ರ, ಕೊನೆಗೆ ಚಿತ್ತಾ, ಸ್ವಾತಿ. ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. 'ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ' ಅನ್ನುವ ಗಾದೆಯನ್ನೂ ಬರೆದು ತಂದಿದ್ದ. ನಮ್ಮ ಕಂಬನಕ್ಷೆಯ ಕೆಳಗೆ ತಿಂಗಳ ಹೆಸರಿನ ಜೊತೆ ಮಳೆಯ ಹೆಸರನ್ನೂ ಬರೆದೆವು.

ಸರಾಸರಿ ಅನ್ನುವ ಪದದ ಮೋಸವನ್ನೂ ಹೇಳಿಕೊಡಬೇಕು. ನಮಗೆ ಹತ್ತಿರದ ಉದಾಹರಣೆ ಮಾರಿಕಣಿವೆ, ಅಂದರೆ ಹಿರಿಯೂರಿನ ವಾಣಿವಿಲಾಸ ಸಾಗರ. ಗುಡ್ಡದ ಸಾಲಿನ ನಡುವೆ ವೇದಾವತಿ ಹೊಳೆ ಹಾಯುವ ಕಂಡಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು. ಜಾಗ ಆರಿಸಿದ್ದೇ ಭೂಸ್ವರೂಪ ನೋಡಿ. ಅದು 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 89 ವರ್ಷ! ಸರಾಸರಿ ಅನ್ನುವ ಒಂದೇ ಸಂಖ್ಯೆಯಲ್ಲಿ ಈ ಏರಿಳಿತ ಕಾಣುವುದೇ ಇಲ್ಲ. ಒಂದು ದಿನದ ಮಳೆ ಹವಾಮಾನ, ಹತ್ತಾರು ವರ್ಷಗಳ ನಡೆ ವಾಯುಗುಣ ಅಂತ ನಾವು ಹೇಳುತ್ತೇವೆ. ಆ ವರ್ಷ ಕೋಡಿ ನೋಡಲು ಹೋದ ಮುದುಕರು ಕಣ್ಣೊರೆಸಿಕೊಂಡದ್ದನ್ನು ನಮ್ಮ ಮಕ್ಕಳು ಕಂಡಿದ್ದಾರೆ. ಅವರಿಗೆ ಆ ವ್ಯತ್ಯಾಸವನ್ನು ಮತ್ತೆ ಬಿಡಿಸಿ ಹೇಳಬೇಕಾಗಿಲ್ಲ.

ಇದೆಲ್ಲಾ ಮಾಡಲು ಟೈಮ್ ಎಲ್ಲಿದೆ ಅಂತ ಕೆಲವರು ಕೇಳುತ್ತೀರಿ. ನನಗೂ ಅದೇ ಸಿಲೆಬಸ್, ಅದೇ ಪರೀಕ್ಷೆ. ಆದರೆ ಒಂದು ಸಲ 2024ರ ಜುಲೈ ತಿಂಗಳನ್ನು ನೆನಪು ಮಾಡಿಕೊಳ್ಳಿ. ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿಯಿತು. ಅದೇ ತಿಂಗಳು ವಯನಾಡು. 2018ರಲ್ಲಿ ಕೊಡಗು. ದಪ್ಪ ಮಣ್ಣಿನ ಹೊದಿಕೆ, ಕಡಿದಾದ ಇಳಿಜಾರು, ಬಿಡದೆ ಸುರಿವ ಮಳೆ, ಎಷ್ಟೋ ಕಡೆ ಬುಡ ಕತ್ತರಿಸಿದ ಗುಡ್ಡ. ಭೂಸ್ವರೂಪ ಮತ್ತು ವಾಯುಗುಣ ಬೇರೆಬೇರೆ ಪಾಠ ಅಂತ ಆ ಜನಕ್ಕೆ ಹೇಳಲು ಆಗುತ್ತದಾ? ಗುಡ್ಡದ ನೆತ್ತಿಯಲ್ಲಿ ಹೊಸ ಬಿರುಕು, ಓರೆಯಾದ ಮರಗಳು, ತಿಳಿಯಾಗಿದ್ದ ತೊರೆ ಇದ್ದಕ್ಕಿದ್ದಂತೆ ಕೆಸರಾಗುವುದು, ಇವೆಲ್ಲಾ ಮುನ್ಸೂಚನೆಗಳು. ಘಟ್ಟದ ಕಡೆಯ ಪ್ರತಿ ಮಗುವಿಗೂ ಇವು ಗೊತ್ತಿರಬೇಕು. ಇದಕ್ಕೆ ಟೈಮ್ ಇಲ್ಲ ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಮತ್ತೆ ನಮ್ಮ ಬಸ್ಸಿಗೆ ಬರುತ್ತೇನೆ. ತೀರ್ಥಹಳ್ಳಿ ದಾಟಿದ ಮೇಲೆ ಮಂಜು ಹೋಯಿತು. ಶಿವಮೊಗ್ಗದಲ್ಲಿ ಬಿಸಿಲು. ಅಡಿಕೆ ತೋಟ ಹೋಗಿ ಮೆಕ್ಕೆಜೋಳ ಬಂತು, ಆಮೇಲೆ ಕುರುಚಲು ಗಿಡ. ಘಟ್ಟದಲ್ಲಿ ಹೊರೆ ಇಳಿಸಿದ ಗಾಳಿ ಮತ್ತೆ ಕೆಳಕ್ಕೆ ಬಂದಂತೆ ಬಿಸಿಯಾಗುತ್ತದೆ, ಮೋಡ ಒಡೆಯುತ್ತದೆ. ಮಳೆಯ ನೆರಳು ಅಂದರೆ ಇದೇ ಅಂತ ಹೇಳಬೇಕಾಗಿ ಬರಲಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿ ವಿದ್ಯುತ್ ಕಂಬಗಳ ರೆಕ್ಕೆಗಳು ಸಂಜೆಯ ಬೆಳಕಲ್ಲಿ ಮೆಲ್ಲಗೆ ತಿರುಗುತ್ತಿದ್ದವು. ಜೂನ್, ಜುಲೈನಲ್ಲಿ ಇನ್ನೂ ಜೋರು. ಬೆಳಿಗ್ಗೆ ಮಲ್ಪೆಯಲ್ಲಿ ನಿಮ್ಮ ತುಟಿಗೆ ಉಪ್ಪು ಹಚ್ಚಿದ್ದು, ಆಗುಂಬೆಯಲ್ಲಿ ಮಳೆ ಸುರಿಸಿದ್ದು, ಇಲ್ಲಿ ರೆಕ್ಕೆ ತಿರುಗಿಸುತ್ತಿರುವುದು ಎಲ್ಲಾ ಅದೇ ಪಡುವಣ ಗಾಳಿ ಅಂದೆ. ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಚಿಪ್ಸ್ ಪ್ಯಾಕೆಟ್ಟಿನ ಹುಡುಗ ಕೇಳಿದ, 'ಇಲ್ಲಿಂದ ಅದು ಎಲ್ಲಿಗೆ ಹೋಗುತ್ತೆ ಮೇಡಂ? ವಾಪಸ್ ಬರಲ್ವಾ?'

ಅಕ್ಟೋಬರ್ ತನಕ ಕಾಯಿ ಅಂದೆ. ಮರುದಿನ ಅವನು ಶಾಲೆಯ ಚಾವಣಿಯ ಮೇಲೆ ಗಳ ನೆಟ್ಟು, ತುದಿಗೆ ಅಮ್ಮನ ಹಳೇ ಸೀರೆಯ ಅಂಚು ಕಟ್ಟಿದ. ದಿನಾ ಎಂಟೂವರೆಗೆ ಮಳೆ ಅಳೆಯುವಾಗ ಅದನ್ನೂ ನೋಡಿ ಬರೆಯುತ್ತಿದ್ದ. ಪಡುವಣ, ಪಡುವಣ, ಗಾಳಿ ಇಲ್ಲ, ಪಡುವಣ. ಅಕ್ಟೋಬರ್ ಮೂರನೇ ವಾರ, ಚಿತ್ತಾ ಮಳೆ ನಡೆಯುತ್ತಿದ್ದಾಗ, ಬಟ್ಟೆ ಚಿತ್ರದುರ್ಗದ ಕಡೆಗೆ ಹಾರುತ್ತಿತ್ತು. ಅವನ ಪುಸ್ತಕದಲ್ಲಿ ಆ ದಿನದ ಸಾಲು ಹೀಗಿದೆ: 'ಮೂಡಣ ಗಾಳಿ. ಬಾಟಲಿಯಲ್ಲಿ 14 ಮಿ.ಮೀ. ಈ ಸಲ ಬಂಗಾಳ ಕೊಲ್ಲಿಯದು.'